27ನೇ ನಂಬರ್ ಕ್ಯಾಸೆಟ್

ಹೋದ ದೀಪಾವಳಿಗೆ ದಾವಣಗೆರೆ ಮನೆಗೆ ಬಣ್ಣ ಹೊಡೆಸಬೇಕು ಅಂತ ಅಮ್ಮ ಹಠ ಹಿಡಿದರು. ಬಣ್ಣದವರು ಬರೋದರೊಳಗೆ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ಬೇಡ ಅನ್ನಲಿಲ್ಲ. ನನಗೆ ಹಳೇ ವಿಡಿಯೊ ಗೇಮ್ ಕೂಡಿಡುವ ಹುಚ್ಚು ಇದೆ. ನಮ್ಮ ಹಳೇ ಗೇಮ್ ಡಬ್ಬಿ ಅಟ್ಟದ ಮೇಲೇ ಎಲ್ಲೋ ಇದೆ ಅಂತ ಹತ್ತು ವರ್ಷದಿಂದ ಅನುಮಾನ ಇತ್ತು.

ಹಂಡೆ, ಮುರಿದ ತೊಟ್ಟಿಲು, ಮೂಟೆಗಟ್ಟಲೆ ಹಳೇ ಪೇಪರು ಎಲ್ಲ ಇಳಿಸಿದ ಮೇಲೆ ಡಬ್ಬಿ ಸಿಕ್ಕಿತು. ಬಿಳಿ ಇದ್ದ ಪ್ಲಾಸ್ಟಿಕ್ಕು ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ಬಂದಿತ್ತು. ಬೆಂಕಿ ಹತ್ತದಿರಲಿ ಅಂತ ಆ ಕಾಲದ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಸೇರಿಸುತ್ತಿದ್ದರು. ಬಿಸಿಲು, ಶಾಖ ತಾಗಿ ತಾಗಿ ಅದು ಹಳದಿಯಾಗುತ್ತದೆ. ಕೆಲವರು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುತ್ತಾರೆ. ನಾನು ಮಾಡಲ್ಲ. ವಯಸ್ಸಾದವರ ತಲೆಗೆ ಡೈ ಹಚ್ಚಿದ ಹಾಗೆ ಕಾಣುತ್ತದೆ ನನಗೆ.

ಗೊತ್ತಿಲ್ಲದವರಿಗೆ ಒಂದು ಮಾತು. 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನುವ ಯಂತ್ರ ಬಿಟ್ಟಿತು. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ 'ಟಿವಿ ಗೇಮ್' ಅಂತ ಮಾರಿದ್ದರಲ್ಲ, ಅವು ಬಹುಪಾಲು ಅದರ ನಕಲು. ಅಸಲಿ ಮುಖ ನಾವು ನೋಡಿದವರೇ ಅಲ್ಲ. ಒಳಗೆ ತುರುಕುವ ಕಾರ್ಟ್ರಿಜ್‌ಗೆ ನಮ್ಮಲ್ಲಿ ಎಲ್ಲರೂ ಕ್ಯಾಸೆಟ್ ಅಂತಲೇ ಕರೆದರು. ಅದರೊಳಗೆ ಟೇಪೂ ಇಲ್ಲ, ಸುರುಳಿಯೂ ಇಲ್ಲ. ಆದರೂ ಕ್ಯಾಸೆಟ್ಟೇ. ಈಗಲೂ ಕಾರ್ಟ್ರಿಜ್ ಅಂದರೆ ನನ್ನ ನಾಲಿಗೆ ತೊಡರುತ್ತದೆ.

ಡಬ್ಬಿ ಸಿಕ್ಕ ಖುಷಿಯಲ್ಲೇ ಅಣ್ಣನ ಟ್ರಂಕು ಎಳೆದೆ. ಪಿಯುಸಿ ಗೈಡುಗಳು, ಒಂದು ಕ್ರಿಕೆಟ್ ಗ್ಲೌಸ್. ತಳದಲ್ಲಿ ಕರ್ಚೀಫಿನಲ್ಲಿ ಸುತ್ತಿದ ಏನೋ ಒಂದು. ಬಿಚ್ಚಿದೆ. ಹಳದಿ ಕ್ಯಾಸೆಟ್. ಬೆನ್ನ ಮೇಲೆ ಬಿಳಿ ಪಟ್ಟಿ. ಪಟ್ಟಿಯ ಮೇಲೆ ಕೆಂಪು ಮಾರ್ಕರಿನಲ್ಲಿ 27.

ಏಣಿ ಮೇಲೇ ಕೂತುಬಿಟ್ಟೆ.

1996ರ ಬೇಸಿಗೆ ರಜೆ. ನನಗೆ ಹತ್ತು ವರ್ಷ. ನಮ್ಮ ಬೀದಿ ತುದಿಯಲ್ಲಿ ವಿಡಿಯೊ ಕ್ಯಾಸೆಟ್ ಲೈಬ್ರರಿ ಇತ್ತು. ಅಲ್ಲಿ ಗೇಮ್ ಕ್ಯಾಸೆಟ್ಟೂ ಬಾಡಿಗೆಗೆ ಸಿಗುತ್ತಿತ್ತು, ದಿನಕ್ಕೆ ಹತ್ತು ರೂಪಾಯಿ. ಪ್ರತಿಯೊಂದಕ್ಕೂ ನಂಬರು. 27 ಅಂದರೆ ಕಾಂಟ್ರಾ, ಗುಂಡು ಹಾರಿಸುತ್ತಾ ಮುಂದೆ ಸಾಗುವ ಆಟ. ಅದನ್ನು ತಂದ ಎರಡನೇ ದಿನವೇ ಕಾಣೆಯಾಯಿತು. ಕೊನೆಗೆ ಆಡಿದ್ದು ನಾನು. ಹಾಗಾಗಿ ಕಳೆದವನೂ ನಾನೇ ಅಂತ ತೀರ್ಮಾನವಾಯಿತು. ಅಂಗಡಿಯವನು ಮುನ್ನೂರು ರೂಪಾಯಿ ಅಂದ. ಅಪ್ಪ ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಮುನ್ನೂರು ಅಂದರೆ ಸುಮ್ನೆ ಮಾತಲ್ಲ. ಕೊಟ್ಟರು. ಮನೆಗೆ ಬಂದು ನನಗೆ ಬಿಟ್ಟರು ನೋಡಿ ಒಂದು, ಕಿವಿ ಗುಂಯ್ ಅಂತು. ಅಣ್ಣ ಆಗ ಪಕ್ಕದಲ್ಲೇ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ. ಅದೂ ನೆನಪಿದೆ.

ಆ ಕ್ಯಾಸೆಟ್ ಈಗ ನನ್ನ ಕೈಯಲ್ಲಿ. ಅಪ್ಪ ಈಗಿಲ್ಲ.

ಕೂಡಲೇ ಫೋನ್ ಮಾಡಿ ಬೈಯೋಣ ಅನ್ನಿಸಿತು. ಆದರೆ ಈ ಹುಚ್ಚು ಇರುವವರಿಗೆ ಗೊತ್ತು, ಹಳೇ ಕ್ಯಾಸೆಟ್ ಕೈಗೆ ಬಂದರೆ ಮೊದಲು ಏಳುವ ಪ್ರಶ್ನೆ ಒಂದೇ. ಓಡುತ್ತಾ?

ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಕೂತೆ. ನನ್ನ ಚೀಲದಲ್ಲಿ ಸಾಮಾನು ಯಾವಾಗಲೂ ಇರುತ್ತದೆ. ಅಸಲಿ ನಿಂಟೆಂಡೊ ಅಮೆರಿಕದಲ್ಲಿ ಮಾರಿದ ಕ್ಯಾಸೆಟ್ಟುಗಳಿಗೆ ಹೆಚ್ಚಾಗಿ ವಿಶೇಷ ಸ್ಕ್ರೂ ಇರುತ್ತದೆ, ಅದಕ್ಕೆ ಬೇರೆಯೇ ಡ್ರೈವರ್ ಬೇಕು. ನಮ್ಮ ನಕಲಿಗೆ ಆ ಭಾಗ್ಯವಿಲ್ಲ. ಅಂಚಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ಒತ್ತಿದರೆ ಟಕ್ ಅಂತ ಬಾಯಿ ಬಿಡುತ್ತದೆ. ಅಷ್ಟು ದೊಡ್ಡ ಡಬ್ಬಿಯೊಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಹಸಿರು ಬೋರ್ಡು. ನಡುವೆ ಕರೀ ಬೊಟ್ಟು. ಚಿಪ್ಪಿಗೆ ಕಾಲು, ಕವಚ ಎಲ್ಲ ಮಾಡಿಸಿದರೆ ಖರ್ಚು ಜಾಸ್ತಿ ಅಂತ ಅದನ್ನು ನೇರ ಬೋರ್ಡಿಗೆ ಕೂರಿಸಿ ಮೇಲೆ ಅಂಟು ಸುರಿದಿರುತ್ತಾರೆ. ಆ ಬೊಟ್ಟು ಕೆಟ್ಟರೆ ಮುಗಿಯಿತು, ರಿಪೇರಿಯಿಲ್ಲ. ಇಡೀ ಮಾರಿಯೊ ಆಟ 40 ಕಿಲೊಬೈಟು, ಗೊತ್ತಾ? ಬೆಳಗೆದ್ದರೆ ವಾಟ್ಸಾಪಿಗೆ ಬರುವ ಶುಭೋದಯದ ಹೂವಿನ ಚಿತ್ರ ಅದಕ್ಕಿಂತ ದಪ್ಪ ಇರುತ್ತದೆ.

ಬೋರ್ಡಿನ ಅಂಚಿಗೆ ಅರವತ್ತು ಪಿನ್ನು, ಆ ಕಡೆ ಮೂವತ್ತು ಈ ಕಡೆ ಮೂವತ್ತು. ಅದರ ಮೇಲೆ ಹಸಿರು ಕಿಲುಬು. ಹಿತ್ತಾಳೆ ತಂಬಿಗೆ ತೊಳೆಯದೆ ಇಟ್ಟರೆ ಹಿಡಿಯುತ್ತಲ್ಲ, ಅದೇ ಜಾತಿಯದು. ಇದಕ್ಕೆ ನಮ್ಮದೂ ಕಾಣಿಕೆ ಇದೆ. ಗೇಮ್ ಬರದಿದ್ದರೆ ಕ್ಯಾಸೆಟ್ ತೆಗೆದು ಉಫ್ ಅಂತ ಊದುತ್ತಿದ್ದೆವು. ಊದಿದ ಮೇಲೆ ಬರುತ್ತಿತ್ತು ಕೂಡ. ಆದರೆ ಕೆಲಸ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದು. ಪಿನ್ನು ಪಿನ್ನಿಗೆ ಉಜ್ಜಿ ಸರಿಯಾಗಿ ಕೂರುತ್ತಿತ್ತು, ಅಷ್ಟೆ. ಬಾಯಿಯ ತೇವ ಒಳಗೇ ಉಳಿದು ಲೋಹ ತಿನ್ನುತ್ತಿತ್ತು. ಈಗ ಯಾರಾದರೂ ನನ್ನೆದುರು ಕ್ಯಾಸೆಟ್ ಬಾಯಿಗೆ ತಂದರೆ ಕೈಗೆ ಹೊಡೆಯುತ್ತೇನೆ.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಇಯರ್ ಬಡ್ ಅದ್ದಿ ಉಜ್ಜಿದೆ. ಬಡ್ ಕಪ್ಪಾಯಿತು. ಇನ್ನೊಂದು. ಅದೂ ಕಪ್ಪು. ಒಂಬತ್ತನೆಯದು ಬಿಳಿಯಾಗೇ ಉಳಿಯಿತು. ಬಿಡದ ನಾಲ್ಕೈದು ಪಿನ್ನುಗಳಿಗೆ ಮೆತ್ತನೆ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಇದು ಜಾಸ್ತಿಯಾದರೆ ಮೇಲಿನ ತೆಳು ಲೇಪವೇ ಕಿತ್ತು ಬರುತ್ತದೆ. ಅಮ್ಮ ಬಾಗಿಲಲ್ಲಿ ನಿಂತು, "ಇಷ್ಟು ಚೆಂದ ದೇವರ ಸಾಮಾನು ತಿಕ್ಕಿಕೊಟ್ಟಿದ್ರೆ ಪುಣ್ಯ ಬರ್ತಿತ್ತು" ಅಂದರು.

ಮುಂದಿನದು ಅಡಾಪ್ಟರ್. ಇದರಲ್ಲಿ ಒಮ್ಮೆ ಬೆರಳು ಸುಟ್ಟುಕೊಂಡವನು ನಾನು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಒಂದು ಒಳ್ಳೇ ಪೀಸು ಸಿಕ್ಕಿತ್ತು. ಮನೆಗೆ ತಂದವನೇ ಕೈಗೆ ಸಿಕ್ಕ 9 ವೋಲ್ಟ್ ಅಡಾಪ್ಟರ್ ಚುಚ್ಚಿದೆ. ಸಣ್ಣ ಹೊಗೆ, ಸುಟ್ಟ ವಾಸನೆ, ಮುಗಿಯಿತು. ಈಗಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುವೆ ಪ್ಲಸ್. ಫ್ಯಾಮಿಕಾಮ್ ವಂಶದವುಗಳಲ್ಲಿ ಹೆಚ್ಚಾಗಿ ನಡುವೆ ಮೈನಸ್. ಅವತ್ತಿಂದ ಮೀಟರ್ ಹಿಡಿದು ನೋಡದೆ ಯಾವುದಕ್ಕೂ ಕರೆಂಟು ಕೊಡಲ್ಲ. ನಮ್ಮ ಡಬ್ಬಿಯ ಜೊತೆಗೆ ಅದರದ್ದೇ ಅಡಾಪ್ಟರ್ ಇತ್ತು. ಆದರೂ ನೋಡಿದೆ. ನಡುವೆ ಮೈನಸ್. ಸರಿ.

ಟಿವಿಗೆ ತೊಂದರೆಯಾಗಲಿಲ್ಲ. ಅಮ್ಮ ಯಾವುದನ್ನೂ ಬಿಸಾಡುವವರಲ್ಲ. ಹಳೇ ಡಬ್ಬಾ ಟಿವಿ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದೇ ಬೇಕು ಕೂಡ. ಟಿವಿ ಗೇಮಿನ ಬಾತುಕೋಳಿ ಹೊಡೆಯುವ ಆಟಕ್ಕೆ ಒಂದು ಪಿಸ್ತೂಲು ಇರುತ್ತಿತ್ತು, ಹೊಸ ಟಿವಿಯ ಮುಂದೆ ಅದು ಬರೀ ಆಟಿಕೆ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಬರುತ್ತದೆ. ಆ ಬೆಳಕು ಕಂಡಿತೋ ಇಲ್ಲವೋ ಅಂತ ಪಿಸ್ತೂಲಿನ ಕಣ್ಣು ನೋಡುತ್ತದೆ. ಡಬ್ಬಾ ಟಿವಿ ಆ ಚೌಕವನ್ನು ತಕ್ಷಣ ತೋರಿಸುತ್ತದೆ. ಎಲ್‌ಇಡಿ ಟಿವಿ ಸ್ವಲ್ಪ ಯೋಚನೆ ಮಾಡಿ ತೋರಿಸುತ್ತದೆ. ಅಷ್ಟರಲ್ಲಿ ಪಿಸ್ತೂಲು ತಪ್ಪಿತು ಅಂದಿರುತ್ತದೆ.

ಆಂಟೆನಾ ತೂತಿಗೆ ವೈರು ಹಾಕಿ ಟ್ಯೂನ್ ಮಾಡುತ್ತಾ ಹೋದೆ. ಕಾಳು ಕಾಳು, ಸರ್ ಅನ್ನುವ ಸದ್ದು. ಒಂದು ಕಡೆ ಸದ್ದು ನಿಂತು ಪರದೆ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತು. ಡಬ್ಬಿ ಬದುಕಿದೆ, ಕ್ಯಾಸೆಟ್ ಮಾತಾಡುತ್ತಿಲ್ಲ ಅಂತ ಅರ್ಥ. ತೆಗೆದು ಹಾಕಿದೆ. ಬೂದಿ. ಇನ್ನೊಮ್ಮೆ ತೆಗೆದೆ. ಕ್ಯಾಸೆಟ್ ಕೈಯಲ್ಲಿತ್ತು, ಬಾಯಿ ಹತ್ತಿರದಲ್ಲೇ ಇತ್ತು, ಸುತ್ತ ಯಾರೂ ಇರಲಿಲ್ಲ. ಊದಲಿಲ್ಲ ಅಂತ ಹೇಳುವ ಆಸೆ ನನಗೂ ಇದೆ.

ಬಂತು! ಪರದೆ ಮೇಲೆ ಹೆಸರು ಬಂದು ನಿಂತಿತು. ಹಳೇ ಗುಟ್ಟಿನ ಗುಂಡಿಗಳನ್ನು ಸಾಲಾಗಿ ಒತ್ತಿದೆ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಮೂರು ಜೀವದ ಬದಲು ಮೂವತ್ತು. ತಲೆ ಮರೆತಿದ್ದನ್ನು ಹೆಬ್ಬೆರಳು ಮರೆತಿರಲಿಲ್ಲ.

ಮೂರನೇ ಸ್ಟೇಜಿನ ಜಲಪಾತದ ತನಕ ಹೋದೆ. ಅಲ್ಲಿ ಹತ್ತುತ್ತಾ ಹೋಗಬೇಕು. ಇಬ್ಬರು ಆಡುವಾಗ ಒಬ್ಬ ಮೇಲೆ ಹತ್ತಿದರೆ ಪರದೆಯೂ ಅವನ ಜೊತೆ ಮೇಲೇರುತ್ತದೆ, ಕೆಳಗೆ ಉಳಿದವನು ಸಾಯುತ್ತಾನೆ. ಅಣ್ಣ ಯಾವಾಗಲೂ ಮೊದಲು ಹತ್ತುತ್ತಿದ್ದ. ನನ್ನ ಹದಿನೈದು ಜೀವ ಅಲ್ಲೇ ಹೋಗುತ್ತಿದ್ದವು. ನಮ್ಮ ಕ್ಯಾಸೆಟ್ಟುಗಳಲ್ಲಿ ಆಟ ಉಳಿಸಿಡುವ ಬ್ಯಾಟರಿಯೂ ಇರಲಿಲ್ಲ. ಊಟಕ್ಕೆ ಕರೆದರೆ ಆಟ ಇದ್ದಲ್ಲೇ ನಿಲ್ಲಿಸುವ ಪಾಜ್ ಗುಂಡಿ ಒತ್ತಿ, ಟಿವಿ ಮಾತ್ರ ಆರಿಸಿ, ಡಬ್ಬಿಯ ಮೇಲೆ ಟವೆಲ್ ಮುಚ್ಚಿ ಹೋಗುತ್ತಿದ್ದೆವು, ಅಪ್ಪನಿಗೆ ಕೆಂಪು ದೀಪ ಕಾಣಬಾರದು ಅಂತ. ಬೆಳಗಿನ ತನಕ ಹಾಗೇ ಬಿಟ್ಟಿದ್ದೂ ಉಂಟು. ಲೋಡ್ ಶೆಡ್ಡಿಂಗ್ ಬಂದರೆ ಮತ್ತೆ ಮೊದಲಿನಿಂದ.

ಜಲಪಾತದ ನಡುವೆ ಪಾಜ್ ಒತ್ತಿ ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.

"27 ಸಿಕ್ತು ಕಣೋ" ಅಂದೆ.

ಆ ಕಡೆ ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು.

"ಟ್ರಂಕ್ ತೆಗೆದ್ಯಾ?"

"ಹ್ಞೂಂ."

"ಪರೀಕ್ಷೆ ಮುಗಿದ ಮ್ಯಾಲೆ ಒಬ್ನೇ ಮುಗಿಸಬೇಕು ಅಂತ ಇಟ್ಟಿದ್ದೆ. ಆಮೇಲೆ ಅಪ್ಪ ದುಡ್ಡು ಕೊಟ್ಟುಬಿಟ್ರು. ಹೊರಗೆ ತೆಗೆಯೋಕೆ ಹೆದರಿಕೆ ಆತು."

"ಹೊಡೆತ ತಿಂದಿದ್ದು ನಾನು."

"ನಾನೇನು ನೋಡಿಲ್ವಾ" ಅಂದ. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದ. "ಓಡ್ತೈತೇನೋ?"

"ಜಲಪಾತದಲ್ಲಿದೀನಿ."

"ಪಾಜ್ ಮಾಡಿ ಇಡು. ನಾನು ಬರೋತನ ಆಫ್ ಮಾಡಬ್ಯಾಡ."

ಅವನು ಬರುವುದು ಹಬ್ಬಕ್ಕೆ. ಇನ್ನೂ ನಾಲ್ಕು ದಿನ ಇತ್ತು. ಅಡಾಪ್ಟರ್ ಮುಟ್ಟಿ ನೋಡಿದೆ. ಬಿಸಿಯಾಗಿತ್ತು. ಇನ್ನೊಂದು ಅರ್ಧ ಗಂಟೆ ಇರಲಿ ಅಂತ ಟಿವಿ ಮಾತ್ರ ಆರಿಸಿದೆ.