ಮೂರು ಬೇರಿನ ಆರ್ಕಿಡ್

ಮಹಡಿ ಮೇಲಿನ ಬಾಡಿಗೆಯವರು ಆಷಾಢ ಶುರುವಾಗೋ ಮುಂಚೆ ಮನೆ ಖಾಲಿ ಮಾಡಿದರು. ಎರಡು ವಾರ ಆದ ಮೇಲೆ ಟ್ಯಾಂಕ್ ನೋಡೋಕೆ ತಾರಸಿ ಹತ್ತಿದ್ದೆ. ಮೂಲೆಯಲ್ಲಿ ಬಿಳಿ ಪಿಂಗಾಣಿ ಕುಂಡ ಕಂಡಿತು. ತಕ್ಷಣ ಗುರುತು ಸಿಕ್ಕಿತು. ಅವರ ಮಗುವಿನ ನಾಮಕರಣಕ್ಕೆ ಯಾರೋ ಕೊಟ್ಟಿದ್ದ ಆರ್ಕಿಡ್. ಅವತ್ತು ಅದರ ತುಂಬ ನೇರಳೆ ಹೂ. ಊಟಕ್ಕೆ ಬಂದವರೆಲ್ಲ ಪ್ಲಾಸ್ಟಿಕ್ಕೋ ನಿಜವೋ ಅಂತ ಮುಟ್ಟಿ ನೋಡುತ್ತಿದ್ದರು. ಈಗ ಜೋತುಬಿದ್ದ ನಾಲ್ಕು ಎಲೆ, ಒಣಗಿದ ಒಂದು ಕಡ್ಡಿ, ಕುಂಡದಲ್ಲಿ ಅಂಚಿನವರೆಗೆ ಮಳೆನೀರು.

ಮಗುವಿನ ತಾಯಿಗೆ ಫೋನ್ ಮಾಡಿ ಕೇಳಿದೆ. "ಅದು ಹೋಯ್ತು ಅಕ್ಕ, ಬಿಸಾಕಿಬಿಡಿ. ದಿನಾ ಒಂದು ಲೋಟ ನೀರು ಹಾಕ್ತಿದ್ದೆ, ಆದ್ರೂ ಉಳೀಲಿಲ್ಲ" ಅಂದಳು ಆ ಹುಡುಗಿ. ಪಾಪ, ಬೇಜಾರಿತ್ತು ಅವಳ ದನಿಯಲ್ಲಿ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಅತ್ತೆ ಆಗ ಮೊಣಕಾಲು ತೋರಿಸೋಕೆ ಬಂದಿದ್ದರು. ಅವರದು ಮದ್ದೂರು ಹತ್ತಿರದ ಹಳ್ಳಿ. ಕಬ್ಬು, ಭತ್ತ, ನಾಲ್ಕಾರು ತೆಂಗು. ಹಿತ್ತಲಲ್ಲಿ ನ್ಯೂಸ್‌ಪೇಪರ್ ಹಾಸಿ ನಾನು ಕುಂಡ ಬೋರಲು ಹಾಕುವಾಗ ಅವರೂ ಸ್ಟೂಲ್ ಎಳೆದುಕೊಂಡು ಬಂದು ಕೂತರು.

ಒಳಗೆ ಮಣ್ಣಿರಲಿಲ್ಲ. ಒತ್ತಿ ತುಂಬಿದ ಪಾಚಿ, ಅದೂ ಕೊಳೆತು ಹಳಸಿದ ವಾಸನೆ. ಕುಂಡದ ತಳದಲ್ಲಿ ಒಂದು ತೂತೂ ಇಲ್ಲ. ಪಾಚಿ ಬಿಡಿಸುತ್ತಾ ಹೋದರೆ ಕಂದು ಬಣ್ಣದ ಬೇರುಗಳು. ಒಂದೊಂದನ್ನೇ ಎರಡು ಬೆರಳಲ್ಲಿ ಒತ್ತಿ ನೋಡಿದೆ. ಸತ್ತ ಬೇರು ಮೆತ್ತಗಿರುತ್ತದೆ. ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗೆ ಹೊಲಿಗೆ ದಾರದಷ್ಟು ತೆಳ್ಳಗಿನ ಎಳೆ ಮಾತ್ರ ಉಳಿಯುತ್ತದೆ. ಹಾಗೆ ಹನ್ನೊಂದು ಬೇರು ಹೋಗಿದ್ದವು. ಗಟ್ಟಿಯಾಗಿ ಉಳಿದಿದ್ದವು ಮೂರು. ಅದರಲ್ಲೂ ಒಂದು ಅರ್ಧ.

"ನೀರಿಲ್ದೆ ಒಣಗದೆ ಅಂದ್ಕಂಡಿದ್ದೆ. ಇದು ನೀರಲ್ಲಿ ಮುಳುಗಿ ಸತ್ತದೆ ಕಣವ್ವ" ಅಂದರು ಅತ್ತೆ. "ಕಬ್ಬಿನ ಗದ್ದೇಲೂ ಅಷ್ಟೆಯ. ನೀರು ನಿಂತ್ರೆ ಬೇರು ಉಸ್ರಾಡಕಾಯ್ತದಾ?"

ಎಲೆ ಜೋತುಬಿದ್ದಿರೋದು ನೋಡಿದರೆ ಯಾರಿಗಾದರೂ ನೀರು ಹಾಕೋಣ ಅನ್ನಿಸುತ್ತದೆ. ಆದರೆ ನೀರು ಹೀರೋ ಬೇರೇ ಕೊಳೆತಿದ್ದರೆ ಎಷ್ಟು ಸುರಿದರೂ ಎಲೆಗೆ ಹೋಗೋದಿಲ್ಲ. ಆ ಹುಡುಗಿ ಎಲೆ ಬಾಡಿದಷ್ಟೂ ಜಾಸ್ತಿ ನೀರು ಹಾಕಿದ್ದಾಳೆ. ಅವಳ ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ. ಕುಂಡಕ್ಕೊಂದು ತೂತಾದರೂ ಇರಬೇಕಿತ್ತು ಅಲ್ವಾ?

ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ, ಆರಿಸಿ, ಕೊಳೆತಿದ್ದನ್ನೆಲ್ಲ ಕತ್ತರಿಸಿದೆ. ಕತ್ತರಿಸಿದ ಜಾಗಕ್ಕೆ ಮಾತ್ರ ಚಕ್ಕೆ ಪುಡಿ ಹಚ್ಚಿದೆ. ಒಳ್ಳೆ ಬೇರಿಗೆ ತಗುಲಿದರೆ ಅದನ್ನೂ ಒಣಗಿಸಿಬಿಡುತ್ತದೆ, ಹಾಗಾಗಿ ಬೆಂಕಿಕಡ್ಡಿ ತುದಿಯಲ್ಲಿ ಹಚ್ಚಿದ್ದು. ರಾತ್ರಿಯೆಲ್ಲ ಗಿಡವನ್ನು ಹಾಗೇ ಬರಿಬೇರಿನಲ್ಲಿ ಆರಲು ಬಿಟ್ಟೆ. ಬೀದಿ ಕೊನೆಯ ಇಸ್ತ್ರಿ ಅಂಗಡಿಯವರು ಒಂದು ಬೊಗಸೆ ಇದ್ದಿಲು ಕೊಟ್ಟರು. ತೆಂಗಿನಕಾಯಿ ಸಿಪ್ಪೆಯನ್ನು ಅತ್ತೆಯೇ ಚಿಕ್ಕ ತುಂಡು ಮಾಡಿ ಎರಡು ದಿನ ನೀರು ಬದಲಿಸುತ್ತಾ ನೆನೆಸಿದರು. ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಕಾದ ಸ್ಕ್ರೂಡ್ರೈವರ್‌ನಿಂದ ಸುತ್ತಲೂ ತೂತು ಹೊಡೆದು, ಇದ್ದಿಲು, ಸಿಪ್ಪೆ ತುಂಬಿ ಗಿಡ ಕೂರಿಸಿದೆವು.

"ಮಣ್ಣೇ ಬ್ಯಾಡ್ವಾ? ಹಂಗಾರೆ ಇದು ಬದನಿಕೆ ಜಾತೀದಾ?" ಅಂತ ಕೇಳಿದರು. ಬದನಿಕೆ ಮಾವಿನ ಕೊಂಬೆಯೊಳಗೇ ಬೇರಿಳಿಸಿ ಅದರ ರಸ ಹೀರುತ್ತದೆ. ಇದು ಹಾಗಲ್ಲ. ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಕಾಡುಗಳಲ್ಲಿ ಮರದ ತೊಗಟೆ ಹಿಡಿದು ಸುಮ್ನೆ ಕೂತಿರುತ್ತದೆ, ಮಳೆ ಬಂದಾಗ ನೆನೆಯುತ್ತದೆ, ಗಾಳಿಗೆ ಆರುತ್ತದೆ. ನಮ್ಮ ಮಲೆನಾಡಿನ ಸೀತಾಳೆ ಹೂವೂ ಹಾಗೇ ಅಲ್ವಾ, ಮರಕ್ಕೆ ಒಂದಿಷ್ಟೂ ತೊಂದರೆ ಕೊಡೋದಿಲ್ಲ.

ಆಮೇಲೆ ಕಷ್ಟವಾಗಿದ್ದು ಕೈ ಕಟ್ಟಿಕೊಂಡಿರೋದು. ಗಿಡಕ್ಕೆ ಬಾಯಾರಿದೆಯಾ ಅಂತ ಬೇರೇ ಹೇಳುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತದೆ, ವೆಲಮೆನ್ ಅಂತಾರೆ. ಒಣಗಿದಾಗ ಅದರೊಳಗೆ ಗಾಳಿ ತುಂಬಿ ಬೇರು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ನೆನೆದರೆ ಒಳಗಿನ ಹಸಿರು ಕಾಣುತ್ತದೆ. ಡಬ್ಬಿ ಪಾರದರ್ಶಕವಾಗಿದ್ದರಿಂದ ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಹಸಿರಿದ್ದರೆ ನೀರಿಲ್ಲ. ಮಳೆಗಾಲದಲ್ಲಿ ಒಮ್ಮೊಮ್ಮೆ ಎಂಟು ದಿನ ಕಳೆದರೂ ಹಸಿರೇ. ಎಲೆ ಮಾತ್ರ ಹಾಗೇ ಸುಕ್ಕುಗಟ್ಟಿರುತ್ತಿತ್ತು. ನೋಡಿದರೆ ಸಂಕಟ ಆಗುತ್ತಿತ್ತು.

ಒಂದು ಸಂಜೆ ತಡೆಯಲಾರದೆ ಎಲೆಗೆ ನೀರು ಚಿಮುಕಿಸಿದೆ. ನೀರು ನಡುವಿನ ಸುಳಿಯಲ್ಲಿ ನಿಂತುಬಿಟ್ಟಿದ್ದು ಗೊತ್ತಾಗಲಿಲ್ಲ. ಅತ್ತೆ ನೋಡಿ, ಹತ್ತಿಯ ಬತ್ತಿ ಹೊಸೆದು ಸುಳಿಯೊಳಗೆ ಬಿಟ್ಟು ಒಂದು ಹನಿಯೂ ಉಳಿಯದಂತೆ ಹೀರಿಸಿದರು. "ತೆಂಗಿಗೂ ಸುಳಿ ಕೊಳೆತ್ರೆ ಮುಗೀತು. ಇದ್ಕೂ ಒಂದೇ ಸುಳಿ ಕಣವ್ವ." ದೇವರ ಮುಂದೆ ಹಚ್ಚೋ ಬತ್ತಿ ಅದು.

ಕೆಳಗಿನ ಎರಡು ಎಲೆ ಹಳದಿಯಾಗಿ ಬಿದ್ದವು. ಗಣಪತಿ ಹಬ್ಬ ಮುಗಿದ ವಾರ ಕಾಂಡದ ಪಕ್ಕದಲ್ಲಿ ಅಕ್ಕಿ ಕಾಳಿನಷ್ಟು ಹಸಿರು ಕಂಡಿತು. ತುದಿ ಹೊಳೆಯುತ್ತಿತ್ತು. ಹೊಸ ಬೇರು! ಆಫೀಸಿಗೆ ತಡವಾದರೂ ಪರವಾಗಿಲ್ಲ ಅಂತ ಊರಿಗೆ ಫೋನ್ ಮಾಡಿ ಅತ್ತೆಗೆ ಹೇಳಿದೆ. ಆಮೇಲೆ ಎರಡು ವಾರಕ್ಕೊಮ್ಮೆ, ಒಂದು ಲೀಟರ್ ನೀರಿಗೆ ಅರ್ಧ ಗ್ರಾಂನಂತೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ 19:19:19 ಗೊಬ್ಬರ ಕೊಡತೊಡಗಿದೆ.

ಆ ವರ್ಷದ ದಸರಾಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆ. ಜನಜಂಗುಳಿ. ಎಲ್ಲರೂ ಹೂವಿನ ಫೋಟೊ ತೆಗೆಯುತ್ತಿದ್ದರೆ ನಾನು ಗಿಡಗಳ ಬುಡವನ್ನೇ ಬಗ್ಗಿ ನೋಡುತ್ತಿದ್ದೆ.

ಮೊದಲ ಚಳಿಗಾಲ ಹೂ ಬರಲಿಲ್ಲ. ಬರಬಾರದು ಅಂತಲೇ ನನಗಿತ್ತು. ಮೂರೇ ಎಲೆಯ ಬಾಣಂತಿ ಗಿಡ ಅದು. ಎರಡನೇ ಚಳಿಗಾಲದ ಹೊತ್ತಿಗೆ ಐದು ಎಲೆ, ಡಬ್ಬಿಯ ತೂತುಗಳಿಂದ ಬೇರು ಹೊರಗೆ ಇಣುಕುತ್ತಿತ್ತು. ಈ ಜಾತಿಗೆ ಕೆಲವು ವಾರ ರಾತ್ರಿ ತಂಪು ಸಿಕ್ಕಿದರೇ ಹೂದಂಟು ಹೊರಡೋದು. ಮೈಸೂರಿನ ಡಿಸೆಂಬರ್‌ನಲ್ಲಿ ಅದನ್ನು ಪುಕ್ಕಟೆ ಕೊಡುತ್ತಾರಲ್ಲ, ರಾತ್ರಿ 16-17 ಡಿಗ್ರಿಗೆ ಇಳಿಯುತ್ತದೆ. ಪೂರ್ವದ ಕಿಟಕಿಯನ್ನು ರಾತ್ರಿ ತೆರೆದೇ ಇಟ್ಟೆ. ಡಿಸೆಂಬರ್ ಕೊನೆಯ ವಾರ ಎಲೆಯ ಬುಡದಿಂದ ಏನೋ ಹೊರಟಿತು. ಮತ್ತೊಂದು ಬೇರಿರಬೇಕು ಅಂದುಕೊಂಡೆ. ಆದರೆ ಬೇರಿನ ತುದಿ ಗುಂಡಗಿರುತ್ತದೆ. ಇದು ಚಪ್ಪಟೆ, ತುದಿಯಲ್ಲಿ ಒಂದು ಸಣ್ಣ ಸೀಳು, ಬೆರಳು ಮಡಚಿದ ಮಗುವಿನ ಕೈಯ ಹಾಗೆ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ಶಿವರಾತ್ರಿಗೆ ಅತ್ತೆ ಬಂದಾಗ ಆರು ಮೊಗ್ಗಿದ್ದವು. ಅವರು ಹೊರಡೋ ದಿನ ಬೆಳಿಗ್ಗೆ ಮೊದಲನೇದು ಬಿರಿಯತೊಡಗಿತು. ಮೊಗ್ಗಿನ ತೊಟ್ಟು ತಿರುಚಿಕೊಂಡಿತ್ತು, ಮೇಲಿರಬೇಕಿದ್ದ ತುಟಿಯ ಎಸಳನ್ನು ಕೆಳಕ್ಕೆ ತರಲು ಹೂವೇ ತನ್ನನ್ನು ತಿರುಗಿಸಿಕೊಳ್ಳುತ್ತದಂತೆ. ಮಧ್ಯಾಹ್ನದ ಹೊತ್ತಿಗೆ ಎರಡು ಅಗಲ ಎಸಳು ಬಿಚ್ಚಿದವು, ಅದೇ ನೇರಳೆ.

"ಚಿಟ್ಟೆ ಕೂತಂಗದೆ" ಅಂದರು ಅತ್ತೆ. 1825ರಲ್ಲಿ ಸಸ್ಯವಿಜ್ಞಾನಿ ಕಾರ್ಲ್ ಬ್ಲೂಮ್ ಇದಕ್ಕೆ ಫೆಲನಾಪ್ಸಿಸ್ ಅಂತ ಹೆಸರಿಟ್ಟಿದ್ದೂ ಗ್ರೀಕಿನಲ್ಲಿ ಪತಂಗ ಅನ್ನೋ ಪದದಿಂದಲೇ. ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಎರಡನೇ ಮೊಗ್ಗಿನ ತುದಿ ಸೀಳಿದೆಯಾ ಅಂತ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು.

"ಅತ್ತೆ, ಮೂರು ಗಂಟೆ ಬಸ್ಸಿಗೆ ಹೊತ್ತಾಯ್ತು."

"ಇರ್ಲಿ ಕಣವ್ವ, ನಾಳಿಕ್ ಹೋಯ್ತೀನಿ" ಅಂದು ಸೀರೆ ಬ್ಯಾಗನ್ನು ಮತ್ತೆ ಮಂಚದ ಕೆಳಗೆ ತಳ್ಳಿದರು.