ಅವರೆ ಹೊಲದ ದಿನಚರಿ: ಹೇನು ಹೋಯಿತು, ಕೊರಕ ಬಂತು

ಅಕ್ಟೋಬರ್ ಕೊನೆ

ಆನಗೋಡಿನ ಹತ್ತಿರದ ನಮ್ಮ ತುಂಡು ಹೊಲದಲ್ಲಿ ಅವರೆ ಮೊಗ್ಗು ಬಿಡುತ್ತಿದೆ. ಬದುವಿನ ಕಡೆಯ ಸಾಲುಗಳಲ್ಲಿ ಕುಡಿಗಳಿಗೆಲ್ಲ ಕಪ್ಪು ಹೇನು ಮೆತ್ತಿಕೊಂಡಿದೆ. ಹೇನು ಬಿಡುವ ಸಿಹಿ ಅಂಟಿಗೆ ಇರುವೆ ಸಾಲುಗಟ್ಟಿವೆ. ಪಕ್ಕದ ಹೊಲದ ಅಣ್ಣ ನೋಡಿ, "ಔಷಧಿ ಹೊಡೆದುಬಿಡ್ರಿ, ಸುಮ್ನೆ ಯಾಕೆ ಕಾಯ್ತೀರಿ?" ಅಂದರು. ಒಂದು ಕುಡಿ ಬಗ್ಗಿಸಿ ತೋರಿಸಿದೆ. ಹೇನಿನ ಗುಂಪಿನ ನಡುವೆ ಪುಟ್ಟ ಮೊಸಳೆಯಂಥ ಹುಳು, ಕಪ್ಪು ಮೈ, ಕಿತ್ತಳೆ ಚುಕ್ಕೆ. ಗುಲಗಂಜಿ ಹುಳುವಿನ ಮರಿ ಅದು. ಒಂದು ಹೇನನ್ನು ಕಚ್ಚಿಕೊಂಡು ತಿನ್ನುತ್ತಿತ್ತು.

ಈಗ ಔಷಧಿ ಹೊಡೆದರೆ ಈ ಮರಿಗಳೂ ಸಾಯುತ್ತವೆ. ಹೇನಿಗಾದರೋ ಗಂಡಿನ ಹಂಗಿಲ್ಲ, ಹೆಣ್ಣೊಂದೇ ಮರಿ ಹಾಕುತ್ತಾ ಹೋಗುತ್ತದೆ. ಉಳಿದ ನಾಲ್ಕು ಸಾಕು, ಮತ್ತೆ ಹೊಲ ತುಂಬಲು. ಜಾಸ್ತಿ ಹತ್ತಿದ ಕುಡಿಗಳನ್ನಷ್ಟೇ ಚಿವುಟಿ ತೆಗೆದೆವು.

ನವೆಂಬರ್ ಮಧ್ಯ

ಹೇನು ಹತೋಟಿಗೆ ಬಂದಿದೆ. ಈಗ ಹೂವಿನ ಕಾಲ, ನಿಜವಾದ ಚಿಂತೆ ಇಲ್ಲಿಂದ ಶುರು. ಸುತ್ತ ಮೆಕ್ಕೆಜೋಳದ ಕಟಾವು ಮುಗಿದಿದೆ. ಕಾಯಿಕೊರಕದ ಪತಂಗಕ್ಕೆ ಮೆಕ್ಕೆಜೋಳ, ತೊಗರಿ, ಕಡಲೆ, ಟೊಮೆಟೊ ಎಲ್ಲವೂ ಆಗುತ್ತದೆ. ಅಲ್ಲಿ ಮೇವು ಮುಗಿದರೆ ಹಸಿರಿರುವ ಕಡೆಗೆ ಬರದೇ ಇರುತ್ತದಾ? ಮೋಹಕ ಬಲೆ ಕಟ್ಟಿದ್ದೇವೆ, ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆಯುವ ಬಲೆ ಅದು. ಎಕರೆಗೆ 4–5 ಸಾಕು. ಬಲೆ ಪತಂಗವನ್ನೆಲ್ಲ ಮುಗಿಸುವುದಿಲ್ಲ, ಅವು ಬಂದಿವೆ ಅಂತ ಹೇಳುತ್ತದೆ. ಅಷ್ಟು ಗೊತ್ತಾದರೆ ಮೊಗ್ಗಿನ ಮೇಲೆ ಮೊಟ್ಟೆ ಹುಡುಕಬಹುದು. ಒಂದೊಂದೇ ಬಿಡಿಯಾಗಿ ಇಟ್ಟಿರುತ್ತದೆ, ಬಿಳಿಚು ಹಳದಿ, ಗಸಗಸೆ ಕಾಳಿನಷ್ಟು.

ಅದೇ ವಾರ

ಹೊಲದಲ್ಲಿ ಎರಡು ಬಗೆಯ ಹುಳು ಇವೆ. ಒಂದು ಆಗಲೇ ಹೇಳಿದ ಕಾಯಿಕೊರಕ, ತಲೆಯನ್ನು ಕಾಯಿಯೊಳಗೆ ತೂರಿಸಿ ಮೈ ಹೊರಗಿಟ್ಟುಕೊಂಡು ತಿನ್ನುತ್ತದೆ, ತೂತು ದುಂಡಗಿರುತ್ತದೆ. ಇನ್ನೊಂದು ಹೂ, ಮೊಗ್ಗುಗಳನ್ನು ನೂಲಿನಿಂದ ಸೇರಿಸಿ ಗೂಡು ಮಾಡಿ ಒಳಗೆ ಕೂರುತ್ತದೆ. ಬಿಡಿಸಿದರೆ ಹಿಕ್ಕೆ, ಒಳಗೆ ಚುಕ್ಕೆಯ ಹುಳು. ಎರಡನ್ನೂ ಕೊರಕ ಅಂತ ಒಂದೇ ಔಷಧಿ ತರುವುದು ನಮ್ಮ ಕಡೆ ರೂಢಿ. ಇದರಿಂದ ದುಡ್ಡು ಸುಮ್ನೆ ಹೋಗುತ್ತದೆ. ಕಾಯಿಕೊರಕಕ್ಕೆಂದು ಸಿಗುವ ಎನ್‌ಪಿವಿ ಅನ್ನುವ ವೈರಸ್ ದ್ರಾವಣ ಮೊದಲನೆಯದಕ್ಕೆ ಮಾತ್ರ ರೋಗ ತರುತ್ತದೆ, ಗೂಡು ಕಟ್ಟುವುದಕ್ಕೆ ಏನೂ ಆಗುವುದಿಲ್ಲ.

ಹಾಗಾಗಿ ಗೂಡುಗಳನ್ನು ಕೈಯಲ್ಲೇ ಕಿತ್ತು ಸೋಪಿನ ನೀರಿಗೆ ಹಾಕುತ್ತಿದ್ದೇವೆ. ಮೊಗ್ಗಿಗೆ ಬೇವಿನ ಬೀಜದ ಕಷಾಯ: ಲೀಟರ್ ನೀರಿಗೆ 50 ಗ್ರಾಂ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ನೆನೆಸಿ, ಬೆಳಗ್ಗೆ ಹಿಂಡಿ, ಚೂರು ಸೋಪು ಸೇರಿಸಿದ್ದು. ಎನ್‌ಪಿವಿ ಹೊಡೆದದ್ದು ಬಿಸಿಲು ಇಳಿದ ಮೇಲೆ, ಬಿಸಿಲಿಗೆ ವೈರಸ್ ಸಾಯುತ್ತದೆ. ಸಂಜೆ ಆದರೆ ಜೇನುಹುಳುಗಳಿಗೂ ತೊಂದರೆ ಇಲ್ಲ.

ಡಿಸೆಂಬರ್ ಆರಂಭ

ಗಿಡದ ತುದಿಯಲ್ಲಿ ಹುಳುಗಳು ತಲೆಕೆಳಗಾಗಿ ಜೋತಾಡುತ್ತಿವೆ. ಮುಟ್ಟಿದರೆ ಚರ್ಮ ಒಡೆದು ನೀರು ಸೋರುತ್ತದೆ. ಎನ್‌ಪಿವಿ ಹತ್ತಿದ ಗುರುತು ಅದು. ನೋಡಿ ತುಂಬಾ ಖುಷಿಯಾಯಿತು, ಅಣ್ಣನನ್ನು ಕರೆದು ತೋರಿಸಿದೆ. ಅವರೂ ತಮ್ಮ ತೊಗರಿಗೆ ಹೊಡೆಯುವ ಮೊದಲು ಹುಳು ನೋಡುತ್ತೇನೆ ಅಂದರು.

ಕಾಯೊಳಗೆ ಆಗಲೇ ಹೊಕ್ಕವು ಒಂದಷ್ಟು ಇವೆ. ಅವಕ್ಕೆ ಯಾವ ಔಷಧಿಯೂ ಮುಟ್ಟುವುದಿಲ್ಲ. ತೂತು ಬಿದ್ದ ಕಾಯಿ ಬಿಡಿಸಿ ಬೇರೆ ಇಡುತ್ತಿದ್ದೇವೆ. ಈ ವಾರ ಕಾಯಿಯ ರಸ ಹೀರುವ ತಿಗಣೆ ಕಾಣಿಸಿದೆ, ಬೆಳಗಿನ ಹೊತ್ತು ಮಂಕಾಗಿರುವಾಗ ಸೋಪಿನ ನೀರಿಗೆ ಕೊಡವಬೇಕು.