ಹೂಸ್ಟನ್‌ನ ಹರಿಕೇನ್, ಓಕ್ಲಹೋಮಾದ ಸುಂಟರಗಾಳಿ

ಅಮೆರಿಕದಲ್ಲಿ ಗಾಳಿ ಎದ್ದ ಸುದ್ದಿ ಟಿ.ವಿ.ಯಲ್ಲಿ ಬಂದರೆ ಅಮ್ಮನ ಕರೆ ಬಂದೇ ಬರುತ್ತದೆ. ಹರಿಕೇನ್ ಆಗಲಿ, ಟೊರ್ನಾಡೊ ಅಂದರೆ ಸುಂಟರಗಾಳಿ ಆಗಲಿ, ಅವರ ಬಾಯಲ್ಲಿ ಎರಡೂ ಚಂಡಮಾರುತವೇ. ಹೂಸ್ಟನ್‌ನಲ್ಲಿ ಕೆಲವು ವರ್ಷ ಇದ್ದು, ಈಗ ಓಕ್ಲಹೋಮಾ ಸಿಟಿಯಲ್ಲಿ ನೆಲೆಸಿರುವ ನನಗೆ ಇವೆರಡನ್ನೂ ಒಂದೇ ಹೆಸರಿನಿಂದ ಕರೆಯಲು ಮನಸ್ಸು ಒಪ್ಪುವುದಿಲ್ಲ. ಹರಿಕೇನ್ ದಿನಗಟ್ಟಲೆ ಮುಂಚೆ ತಿಳಿಸಿ ಬರುತ್ತದೆ, ಸುಂಟರಗಾಳಿ ನಿಮಿಷಗಳಲ್ಲಿ ಬಂದು ಎಲ್ಲವನ್ನೂ ಮುಗಿಸಿಬಿಡುತ್ತದೆ.

ಅಟ್ಲಾಂಟಿಕ್‌ನ ಹರಿಕೇನೂ ಬಂಗಾಳ ಕೊಲ್ಲಿಯ ಚಂಡಮಾರುತವೂ ಒಂದೇ ಬಗೆಯವು. ಸುಮಾರು 26–27 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಬೆಚ್ಚಗಾದ ಕಡಲ ನೀರು ಆವಿಯಾಗಿ ಮೇಲೇರಿ, ಮೋಡಗಟ್ಟುವಾಗ ಬಿಟ್ಟುಕೊಡುವ ಶಾಖವೇ ಅದರ ಆಹಾರ. ಆದ್ದರಿಂದಲೇ ನೆಲ ಮುಟ್ಟಿದ ಮೇಲೆ ಅದು ಸೊರಗುತ್ತದೆ. ನೂರಾರು ಕಿಲೋಮೀಟರ್ ಅಗಲ, ಹಲವು ದಿನಗಳ ಆಯುಷ್ಯ, ಗಂಟೆಗೆ ಕನಿಷ್ಠ 119 ಕಿ.ಮೀ. ವೇಗದ ಗಾಳಿ. ಆದರೆ ಹೆಚ್ಚು ಜೀವ ತೆಗೆಯುವುದು ಗಾಳಿಯಲ್ಲ, ನೀರು. 2005ರಲ್ಲಿ ಕತ್ರೀನಾ ಎಂಬ ಹರಿಕೇನ್ ಮಿಸಿಸಿಪ್ಪಿ ಕರಾವಳಿಯ ಮೇಲೆ ಕಡಲನ್ನು ಎಂಟು ಮೀಟರ್‌ಗೂ ಎತ್ತರಕ್ಕೆ ನುಗ್ಗಿಸಿತ್ತು. 2017ರ ಆಗಸ್ಟ್‌ನಲ್ಲಿ ಹಾರ್ವೆ ಬಂದಾಗ ಹೂಸ್ಟನ್‌ನ ನಮ್ಮ ಬೀದಿಯ ಮರಗಳೇನೂ ಉರುಳಲಿಲ್ಲ. ದಿನಗಟ್ಟಲೆ ಸುರಿದ ಮಳೆಗೆ ಚರಂಡಿ ಉಕ್ಕಿ, ನೀರು ಒಂದೊಂದೇ ಮೆಟ್ಟಿಲನ್ನು ಮುಳುಗಿಸುತ್ತ ಹೊಸ್ತಿಲಿನ ಕೆಳಗೆ ಬಂದು ನಿಂತಿತು. ಟೆಕ್ಸಾಸ್‌ನ ನೆಡರ್‌ಲ್ಯಾಂಡ್ ಬಳಿ ಆ ಮಳೆ 1,500 ಮಿ.ಮೀ. ದಾಟಿತ್ತು. ಆದರೂ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ನಕ್ಷೆಯನ್ನು ನೋಡಿಕೊಂಡು ನೀರು, ಔಷಧಿ, ಕಾಗದಪತ್ರಗಳನ್ನು ಹೊಂದಿಸಿಕೊಳ್ಳಲು ನಮಗೆ ಸಮಯ ಸಿಕ್ಕಿತ್ತು.

ಸುಂಟರಗಾಳಿ ಹುಟ್ಟುವುದು ಗುಡುಗು ಮೋಡದಿಂದ. ವಸಂತದಲ್ಲಿ ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವದ ಬೆಚ್ಚನೆಯ ಗಾಳಿ ಇಲ್ಲಿನ ಬಯಲಿನಲ್ಲಿ ಪಶ್ಚಿಮದ ಒಣಗಾಳಿಯನ್ನು ಸಂಧಿಸುತ್ತದೆ. ಮೇಲೇರಿದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುತ್ತಿದ್ದರೆ ಇಡೀ ಮೋಡವೇ ತಿರುಗತೊಡಗುತ್ತದೆ. ನನಗೆ ತೀರ ಸೋಜಿಗವೆನಿಸಿದ ಸಂಗತಿಯೆಂದರೆ, ಎತ್ತರದೊಂದಿಗೆ ಹೀಗೆ ಬದಲಾಗುವ ಗಾಳಿ ಹರಿಕೇನನ್ನು ಚದುರಿಸಿ ಬಲಗುಂದಿಸುತ್ತದೆ, ಸುಂಟರಗಾಳಿ ಹುಟ್ಟುವುದಕ್ಕಾದರೋ ಅದೇ ಬೇಕು. ಹಾಗಿದ್ದೂ ದಡ ಸೇರಿದ ಹರಿಕೇನಿನ ಅಂಚಿನ ಮೋಡಗಳಲ್ಲಿ ಸುಂಟರಗಾಳಿಗಳು ಹುಟ್ಟುವುದುಂಟು. 2004ರ ಐವಾನ್ ಒಂದೇ ನೂರಕ್ಕೂ ಹೆಚ್ಚನ್ನು ಹುಟ್ಟಿಸಿತು.

ಬಹುಪಾಲು ಸುಂಟರಗಾಳಿಗಳು ಹತ್ತು ನಿಮಿಷವೂ ಉಳಿಯುವುದಿಲ್ಲ, ಅಗಲವೂ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಮಾತ್ರ. ಆದರೆ ಆ ಕಿರಿದಾದ ಜಾಡಿನಲ್ಲಿ ಗಾಳಿಯ ವೇಗ ಗಂಟೆಗೆ 320 ಕಿ.ಮೀ. ಮೀರಬಲ್ಲದು. 2013ರ ಮೇ 20ರಂದು ನಮ್ಮ ಪಕ್ಕದ ಮೂರ್ ಪಟ್ಟಣದಲ್ಲಿ ಇಂಥದೊಂದು 24 ಜನರನ್ನು ಬಲಿ ತೆಗೆದುಕೊಂಡಿತು. ಸುಂಟರಗಾಳಿಯ ಶ್ರೇಣಿಯನ್ನು, ಅಂದರೆ ಇಎಫ್ (ಸುಧಾರಿತ ಫುಜಿತಾ) ಮಾಪಕದ 0ಯಿಂದ 5ರವರೆಗಿನ ಅಂಕವನ್ನು, ಮುರಿದ ಮನೆಗಳನ್ನು ಪರಿಶೀಲಿಸಿದ ಮೇಲಷ್ಟೇ ನಿರ್ಧರಿಸುತ್ತಾರೆ.

ಇಲ್ಲಿ ಪ್ರತಿ ಶನಿವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ ನಡೆಯುತ್ತದೆ. ಕಳೆದ ವಸಂತದಲ್ಲಿ ಅದು ಕೂಗಿದ್ದು ಮಂಗಳವಾರ ಸಂಜೆ. ಪರೀಕ್ಷೆಯಲ್ಲವೆಂದು ಆಗಲೇ ತಿಳಿಯಿತು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿ, ಸೈಕಲ್ ಹೆಲ್ಮೆಟ್ ಧರಿಸಿದ ಮಗಳನ್ನು ನಡುವೆ ಕೂರಿಸಿಕೊಂಡು, ರೇಡಿಯೊದಲ್ಲಿ ಬೀದಿಗಳ ಹೆಸರು ಒಂದೊಂದಾಗಿ ಹತ್ತಿರವಾಗುವುದನ್ನು ಕೇಳುತ್ತ ಕುಳಿತೆವು. ಗಾಳಿ ನಮ್ಮ ಉತ್ತರಕ್ಕೆ ಹಾದುಹೋಯಿತು. ಮನೆ ಕುಸಿದರೆ ಒಡೆದ ಗಾಜಿನ ಮೇಲೆ ನಡೆದು ಹೊರಬರಬೇಕಾಗುತ್ತದೆಂದು ಮೂವರ ಬೂಟುಗಳನ್ನೂ ಆ ಗೂಡಿನಲ್ಲೇ ಇಟ್ಟಿದ್ದೇವೆ.